ಚಾಮರಾಜಪೇಟೆಯಲ್ಲಿ ಬ್ಯಾಂಕಾಕಿನ ಉಂಡೆ

ಮನುಷ್ಯ ಎಲ್ಲಿಗೇ ಹೋಗಲಿ, ಅವನ ನಾಲಿಗೆ ಮಾತ್ರ ಹುಟ್ಟಿದೂರಿನಲ್ಲೇ ಉಳಿದಿರುತ್ತದೆ. ಗಂಭೀರವಾದ ಈ ಸತ್ಯವನ್ನು ನಾನು ಬ್ಯಾಂಕಾಕಿನಲ್ಲಿ ಏಳು ವರ್ಷ ನಂಬಿದ್ದೆ. ಹಿಂದಿರುಗಿ, ಮದುವೆಯಾಗಿ, ಚಾಮರಾಜಪೇಟೆಯಲ್ಲಿ ಮನೆ ಮಾಡಿದ ಎಂಟನೆಯ ದಿನ ಅದು ಸುಳ್ಳಾಯಿತು. ಬಿಸಿ ಮುದ್ದೆಯ ಮುಂದೆ ಕುಳಿತವನಿಗೆ ಅಲ್ಲಿನ ಬೀದಿಯ ಲೂಕ್ ಚಿನ್ ನೆನಪಾಗಿ ಕಣ್ಣಲ್ಲಿ ನೀರು ಬಂತು. ಸಾರು ಖಾರವಾಯಿತೆಂದು ಹೆಂಡತಿ ಜಯಾ ತುಪ್ಪ ಬಡಿಸಿದಳು.

ಲೂಕ್ ಚಿನ್ ಎಂದರೆ ಮಾಂಸದ ಉಂಡೆ. ನಮ್ಮ ಕೈಮ ಉಂಡೆಯ ದಾಯಾದಿ, ಆದರೆ ಸಾರಿನಲ್ಲಿ ಈಜುವುದಿಲ್ಲ. ಸಿಹಿ, ಹುಳಿ, ಖಾರದ ಗಟ್ಟಿ ಪಾಕವನ್ನು ಮೈಗೆಲ್ಲ ಬಳಿದುಕೊಂಡು, ಆಗಷ್ಟೇ ವಾರ್ನಿಷ್ ಹೊಡೆದ ಕುರ್ಚಿಯಂತೆ ಹೊಳೆಯುತ್ತದೆ.

ಅಲ್ಲಿ ನಾನು ಹರಳಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಬಾಡಿಗೆ ಕೋಣೆಗೆ ಅಡುಗೆಮನೆಯೇ ಇರಲಿಲ್ಲ. ಊರಿಗೆ ಊರೇ ಬೀದಿಯಲ್ಲಿ ಉಣ್ಣುತ್ತಿತ್ತು. ಇಲ್ಲಿ ನಮ್ಮ ವಠಾರದ ಮನೆಯಲ್ಲಿ ಅಡುಗೆಮನೆಯೇ ಎಲ್ಲಕ್ಕಿಂತ ದೊಡ್ಡದು, ಆದರೆ ಗಂಡಸಿಗೆ ಪ್ರವೇಶವಿಲ್ಲ. ಅಲ್ಲಿ ಭಾಷೆ ಬಾರದೆ ಬೆರಳು ತೋರಿಸಿ ಊಟ ಪಡೆದೆ. ಇಲ್ಲಿ ಭಾಷೆ ಬಂದೂ, "ಇನ್ನೂ ಸಣ್ಣಗೆ ಕೊಚ್ಚಪ್ಪಾ" ಎಂದು ಮಾಂಸದಂಗಡಿಯವನಿಗೆ ಮೂರು ಸಲ ಹೇಳಬೇಕು.

ಇಷ್ಟಾದರೆ ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಅತ್ತೆ, ಮದ್ದೂರು ಕಡೆಯ ನಿಂಗಮ್ಮನವರು, ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. "ಆ ದೇಸ್ದಲ್ಲಿ ಕಪ್ಪೆ ತಿಂತಾರಂತೆ, ನೀವೂ ತಿಂದಿದ್ರಾ?" ಎಂದು ಮದುವೆಯ ದಿನ ಕೇಳಿದ್ದರು. ಉತ್ತರಕ್ಕೆ ಮೊದಲು ನಾನು ಕೆಮ್ಮಿದೆ. ಆ ಕೆಮ್ಮನ್ನೇ ಅವರು ಉತ್ತರವೆಂದು ತೆಗೆದುಕೊಂಡರು. ಅಂದಿನಿಂದ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವಾಗ ಕೈಯಲ್ಲಿ ಬುತ್ತಿ. ತಾಯಿ ಬುತ್ತಿ ಬಿಚ್ಚುವಾಗ ಜಯಾ ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ಅತ್ತೆ ಬಂದ ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದೆ. ಬೆಳ್ಳುಳ್ಳಿ, ಕಾಳುಮೆಣಸು, ನಾವು ಕಿತ್ತು ಬಿಸಾಡುವ ಕೊತ್ತಂಬರಿ ಬೇರು, ಇವನ್ನು ಅರೆದು ಕೈಮಕ್ಕೆ ಕಲಸಿ, ಉಂಡೆ ಕಟ್ಟಿ ಕೆಂಪಗೆ ಕರಿದೆ. ಅಲ್ಲಿಯವರು ಹಾಕುವ ನಾಮ್ ಪ್ಲಾ, ಅಂದರೆ ಮೀನನ್ನು ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ಉಪ್ಪುನೀರು, ಇಲ್ಲಿ ಸಿಗಲಿಲ್ಲ. ಅತ್ತೆಯ ಮುಂದೆ ಅದನ್ನು ವಿವರಿಸುವ ಕಷ್ಟ ತಪ್ಪಿತು. ಬೆಲ್ಲ, ಹುಣಸೆರಸ, ಒಣಮೆಣಸಿನಕಾಯಿ, ಉಪ್ಪು ಕುದಿಸಿ, ಪಾಕ ಗಟ್ಟಿಯಾದ ಮೇಲೆ ಉಂಡೆ ಹೊರಳಿಸಿದೆ. ಬಂತು ಹೊಳಪು! ತೋರಿಸಲು ಜಯಾಳನ್ನು ಕರೆತರೋಣವೆಂದು ಹಿತ್ತಲಿಗೆ ಓಡಿದೆ.

ಇಬ್ಬರೂ ಬರುವಷ್ಟರಲ್ಲಿ ಸ್ಟೌ ಮುಂದೆ ಅತ್ತೆ ನಿಂತಿದ್ದರು, ಕೈಯಲ್ಲಿ ಖಾಲಿ ಚೊಂಬು.

"ನೀರೆಲ್ಲಾ ಇಂಗೋಗಿ ತಳ ಹಿಡೀತಿತ್ತು ಅಳಿಯಂದ್ರೇ. ಪಾಪ, ಗಂಡಸ್ರಿಗೆ ಏನ್ ಗೊತ್ತಾದದು! ಒಂದ್ ಚೊಂಬು ಬಿಸ್ನೀರು ಉಯ್ದಿವ್ನಿ."

ನನ್ನ ಒಂದು ಗಂಟೆಯ ಶ್ರಮ ಪಾತ್ರೆಯಲ್ಲಿ ತೇಲುತ್ತಿತ್ತು.

"ಅತ್ತೆ, ಅದು ಸಾರಲ್ಲ. ಅದರಲ್ಲಿ ನೀರೇ ಇರಬಾರದು."

"ನೀರಿಲ್ದಿದ್ರೆ ಮುದ್ದೆ ಯಾವುದ್ರಲ್ಲಿ ಅದ್ದಾದು?"

ಜಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಸೌಟನ್ನು ತಾಯಿಯ ಕೈಗಿಟ್ಟಳು. "ನೀರು ಹಾಕ್ದೋಳು ನೀನು ಕಣವ್ವ. ಉಪ್ಪೂ ನೀನೇ ನೋಡ್ಬೇಕು."

ತಾನು ಕೈ ಹಾಕಿದ ಪಾತ್ರೆಯ ಉಪ್ಪು ನೋಡದೆ ಬಿಟ್ಟ ಹೆಂಗಸು ಅತ್ತೆಯ ಸೀಮೆಯಲ್ಲೇ ಇಲ್ಲ. ಸೌಟನ್ನು ಪಾತ್ರೆಗೆ ಅದ್ದಿ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಕಪ್ಪೆ ಗಿಪ್ಪೆ…?"

"ಕುರಿ, ಅತ್ತೆ. ತಲೆ ನೋಡ್ಕೊಂಡೇ ತಂದಿದೀನಿ."

ನೆಕ್ಕಿದರು. ಕಣ್ಣು ಮುಚ್ಚಿದರು. "ಸಪ್ಪೆ," ಎಂದು ತೀರ್ಪಿತ್ತರು. "ಬೆಲ್ಲ ಕೊಡಿ. ಇಂಗುಸ್ಬೇಕು ಅಂದ್ಮೇಲೆ ಸರ್ಯಾಗಿ ಇಂಗುಸ್ಬೇಕು." ಮಣೆ ಎಳೆದು ಕುಳಿತು ಸ್ಟೌಗೆ ಪಂಪ್ ಹೊಡೆದರು. ಅರ್ಧ ಗಂಟೆಯ ಮೇಲೆ ಬಂದ ಎರಡನೆಯ ಹೊಳಪು ಮೊದಲಿನದಕ್ಕಿಂತ ಚೆನ್ನಾಗಿತ್ತು. ಬ್ಯಾಂಕಾಕಿನಲ್ಲೂ ಅಂಥದ್ದನ್ನು ನಾನು ತಿಂದಿಲ್ಲ. ಇದನ್ನು ಓದುತ್ತಿರುವವರು ನಂಬದಿದ್ದರೆ ನಷ್ಟ ನನ್ನದಲ್ಲ.

ಅಲ್ಲಿ ನಾನು ಮುದ್ದೆಯ ದೇಶದವನು, ಇಲ್ಲಿ ಕಪ್ಪೆಯ ದೇಶದವನು. ಎರಡೂ ಕಡೆಯವರು ನನ್ನನ್ನು ಪೂರ್ತಿ ಒಪ್ಪಿಲ್ಲವೆಂಬ ದೂರು ನನಗಿಲ್ಲ. ನಾನೂ ಎರಡರಲ್ಲಿ ಯಾವುದನ್ನೂ ಪೂರ್ತಿ ಬಿಟ್ಟಿಲ್ಲ.

ಅತ್ತೆ ಅಂದು ನಮ್ಮ ಮನೆಯಲ್ಲಿ ಒಂಬತ್ತು ಉಂಡೆ ತಿಂದರು.