ಕೊಂದವನಿಗೆ ಆಯೇರಿ

ನಮ್ಮ ಅತ್ತೆಗೆ ನೇರ ಮಾತೇ ಬಾರದು. ನಮ್ಮೂರು ಮಲ್ಲಟದ ಮನೆಯಲ್ಲಿ ನಾನು ಸ್ವಲ್ಪ ತಡವಾಗಿ ಎದ್ದರೆ, "ಇನ್ನ ಸ್ವಲ್ಪ ಮಲಗವಾ, ಸೂರ್ಯಾಗ ಕಾಯಾಕ ಹೇಳೀನಿ" ಎನ್ನುವರು. ಸಾರಿಗೆ ಉಪ್ಪು ಹೆಚ್ಚಾದರೆ, "ಸಮುದ್ರ ನೋಡಬೇಕಂತಿದ್ದೆ, ಮನಿಗೇ ತಂದಿಯಲ್ಲ" ಎಂದು ಹೊಗಳುವರು. ಇಂಥವರು ನಾಟಕದ ವ್ಯಂಗ್ಯ ಹಿಡಿಯಲಾರರೆಂದು ಯಾರು ತಾನೇ ಎಣಿಸಿಯಾರು?

ಊರಿನವರು ಹಳೆಯದೊಂದು ದುರಂತ ನಾಟಕ ಕಟ್ಟಿದ್ದರು. ಅಣ್ಣನನ್ನು ಕೊಂದು ಗದ್ದುಗೆ ಏರುವ ತಮ್ಮನ ಪಾತ್ರ ನಮ್ಮ ಯಜಮಾನರದು. ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದ ಅವರು ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ತಾಲೀಮಿಗೆಂದು ವಾರವಾರವೂ ಅಲ್ಲಿಂದ ಊರಿಗೆ ಮಾನ್ವಿ ಬಸ್ಸು ಹಿಡಿಯುತ್ತಿದ್ದರು. ಆಸೆ ಒಂದೇ: ಜನ ತಮ್ಮನ್ನು ಕಂಡು ಹಲ್ಲು ಕಡಿಯಬೇಕು.

"ನನ್ನ ಮಾರಿ ನೋಡಿದ್ರ ಯಾರಿಗೂ ಸಿಟ್ಟ ಬರಂಗಿಲ್ಲ ನೋಡು," ಎಂದು ಕನ್ನಡಿಯ ಮುಂದೆ ಕೊರಗುವರು.

"ನನಗ ಬರ್ತದಲ್ರೀ," ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಅವರ ಪಾತ್ರವೆಲ್ಲ ನಿಂತಿದ್ದು ರಾಣಿಯ ಒಂದು ಮಾತಿನ ಮೇಲೆ. ಗಂಡನ ಹೆಣದ ಮುಂದೆ ಅವಳು ಅಳದೆ, ಬೈಯದೆ, ಕೊಂದ ಮೈದುನನನ್ನು ಹೊಗಳುತ್ತಾಳೆ. "ಬಾಯಾಗ ಹೊಗಳಿಕಿ, ಹೊಟ್ಯಾಗ ಬೆಂಕಿ. ಜನಕ್ಕ ಇದು ತಿಳೀಲಿಲ್ಲಂದ್ರ ನಾಟಕ ಮುಗೀತು," ಎಂದು ನಾಟಕದ ಮಾಸ್ತರು ಮೊದಲೇ ಹೆದರಿಸಿದ್ದರು.

ಮರುದಿನ ಎಲ್ಲರಿಗೂ ಕೆಲಸವಿದೆಯೆಂದು ಸಂಜೆಯೇ ಪರದೆ ಎದ್ದಿತು. ಅಣ್ಣ ಸತ್ತು ಬಿದ್ದ. ದೇವದುರ್ಗದಿಂದ ಕರೆಸಿದ್ದ ನಟಿ ರಾಣಿಯಾಗಿ ಮುಂದೆ ಬಂದು, "ನಿನ್ನಂಥ ಮೈದುನ ಮನೆಗೊಬ್ಬನಿರಬೇಕು! ಅಣ್ಣನ ಭಾರವನ್ನೆಲ್ಲ ಒಂದೇ ಏಟಿಗೆ ಇಳಿಸಿಬಿಟ್ಟೆ" ಎಂದಳು.

ನನ್ನ ಪಕ್ಕದಲ್ಲಿದ್ದ ಅತ್ತೆ ಕಣ್ಣೊರೆಸಿಕೊಂಡು ಎದ್ದೇಬಿಟ್ಟರು. ನಮ್ಮ ಕಡೆ ನಾಟಕದ ನಡುವೆಯೇ ಬಂಧುಗಳು ವೇದಿಕೆ ಹತ್ತಿ ನಟರಿಗೆ ಬಟ್ಟೆ, ಉಂಗುರ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ. ಅತ್ತೆಯ ಚೀಲದಲ್ಲಿ ಹೊಸ ಟವೆಲ್ಲು ಕಾದಿತ್ತು.

"ಅತ್ತಿ, ಈಗ ಬ್ಯಾಡ್ರೀ! ಆಕಿ ಬೈಯಾಕತ್ತಾಳ."

"ಬೈಯೋದ್ಯಾವುದು, ಹೊಗಳೋದ್ಯಾವುದು ನನಗ ಕಲಸ್ತೀಯಾ? ನನ್ನ ಮಗನ್ನ ಹೊಗಳಿದ್ರ ನಿನಗ್ಯಾಕ ಹೊಟ್ಟಿಕಿಚ್ಚು?"

ವೇದಿಕೆ ಹತ್ತಿಯೇಬಿಟ್ಟರು. ಹೆಣವಾಗಿ ಮಲಗಿದ್ದ ಕಿರಾಣಿ ಅಂಗಡಿಯವರಿಗೆ, "ಸ್ವಲ್ಪ ಕಾಲು ಮಡಚಪಾ" ಎಂದರು. ಹೆಣ ಮಡಚಿತು. ಊರಿಗೆ ಊರೇ ನಕ್ಕಿತು. ಟವೆಲ್ಲು ಹೊದ್ದು ನಿಂತ ನಮ್ಮವರ ಮುಖ ಕಿರೀಟದ ಕೆಳಗೆ ಬಾಡಿತು.

ನಟಿ ಪಳಗಿದವಳು. ನಗು ಇಳಿಯುವ ತನಕ ಕಾದಳು. ಆಮೇಲೆ, ಇಳಿಯುತ್ತಿದ್ದ ಅತ್ತೆಯ ಕಡೆಗೇ ತಿರುಗಿ ನಿಧಾನವಾಗಿ, "ಇಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ, ತಾಯಿ" ಎಂದಳು.

ಮೆಟ್ಟಿಲ ಮೇಲೆ ಅತ್ತೆಯ ಕಾಲು ನಿಂತಿತು. ಅದು ಅವರದೇ ರಾಗ. ನನ್ನ ಉಪ್ಪಿನ ಸಾರಿಗೆ ಬರುತ್ತಿದ್ದ ರಾಗ. ತಿರುಗಿ ಹೆಣವನ್ನು ನೋಡಿದರು, ಮಗನನ್ನು ನೋಡಿದರು. ಮತ್ತೆ ಹತ್ತಿದರು.

"ಕೊಡಿಲ್ಲೆ ಟವೆಲ್ಲ. ಒಡಹುಟ್ಟಿದವನ್ನ ಕೊಂದು ಹೊಚಗೊಂಡು ನಿಂತೀಯೇನ್ಲೇ?"

ಕಿತ್ತುಕೊಂಡು, ಅದನ್ನು ಹೆಣದ ಮೇಲೆ ಹೊದಿಸಿ ಇಳಿದು ಬಂದರು. ಈ ಸಲ ಯಾರೂ ನಗಲಿಲ್ಲ. ಹಿಂದಿನಿಂದ ಯಾರೋ ನಮ್ಮವರಿಗೆ "ಥೂ" ಎಂದದ್ದೂ ಕೇಳಿಸಿತು. ಮುಖ ಅರಳದಂತೆ ತಡೆಯಲು ಅವರು ಪಟ್ಟ ಪಾಡು ನನಗೊಬ್ಬಳಿಗೇ ಕಂಡಿರಬೇಕು.

ಬೆಳಿಗ್ಗೆ ರಾಯಚೂರು ಬಸ್ಸಿಗೆ ಹೊರಟ ಮಗನಿಗೆ ಅತ್ತೆ ಚಹಾ ತಂದಿಟ್ಟು, "ಕುಡಿಯಪಾ, ಕುಲದೀಪಕ" ಎಂದು ಒಳಗೆ ಹೋದರು.

ನಮ್ಮವರು ಲೋಟ ಹಿಡಿದು ಮೆಲ್ಲಗೆ ಕೇಳಿದರು: "ಅವ್ವ ಹೊಗಳಿದ್ಲೋ, ಬೈದ್ಲೋ?"

"ಸಕ್ಕರಿ ಅದ ಏನ್ ನೋಡ್ರಿ," ಎಂದೆ.

ಇರಲಿಲ್ಲ.