ಬಿಸಿ ಇಂಜಿನ್ ನಂಬದವರು

ಬೈಕಂಪಾಡಿಯ ಆ ಡೀಸೆಲ್ ಮೆಕ್ಯಾನಿಕ್ ಯಾವ ಗಾಡಿ ಬಂದರೂ ಮೊದಲು ಇಂಜಿನ್ ಮೇಲೆ ಅಂಗೈ ಇಡುತ್ತಿದ್ದರು, ಮಗುವಿನ ಜ್ವರ ನೋಡುವವರಂತೆ. ಬೆಚ್ಚಗಿದ್ದರೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. “ಬಿಸಿ ಇಂಜಿನ್ ಸುಳ್ಳು ಹೇಳ್ತದೆ ಮಾರಾಯ, ನಾಳೆ ಬೆಳಿಗ್ಗೆ ನೋಡುವ.”

ನನ್ನ ಹಳೆಯ ಪಿಕಪ್ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಮಾರಲು ಹೊರಟಾಗ ಮೊದಲೇ ಓಡಿಸಿ ಬಿಸಿ ಮಾಡಿಟ್ಟೆ. ಕೊಳ್ಳಲು ಬಂದ ಉಳ್ಳಾಲದ ಮೀನು ವ್ಯಾಪಾರಿ ಇದೇ ಮೆಕ್ಯಾನಿಕ್ ಅವರನ್ನು ಕರೆತರಬೇಕೇ!

“ಎಂತ, ಬಿಸಿ ಉಂಟಲ್ಲ?” ಇಂಜಿನ್ ಮೇಲೆ ಅಂಗೈ ಇಟ್ಟು ಮೆಕ್ಯಾನಿಕ್ ಕೇಳಿದರು.

“ಪೇಟೆಗೆ ಹೋಗಿದ್ದೆ,” ಎಂದೆ.

“ಆಯ್ತು. ಇವರಿಗೆ ದಿನಾ ನಸುಕಿಗೇ ಬಂದರಿನ ದಕ್ಕೆಯಲ್ಲಿ ಮೀನು ತುಂಬಿಸ್ಲಿಕ್ಕುಂಟು, ಗಾಡಿ ತಣ್ಣಗಿರುವಾಗ್ಲೇ ಸ್ಟಾರ್ಟ್ ಆಗ್ಬೇಕು. ನಾಳೆ ಬರ್ತೇವೆ, ಕೀ ನನ್ನ ಹತ್ರ ಇರ್ಲಿ.”

ವ್ಯಾಪಾರ ಕೈತಪ್ಪಿತು ಎಂದುಕೊಂಡೆ. ಬೆಳಿಗ್ಗೆ ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮೆಕ್ಯಾನಿಕ್ ಇಂಜಿನ್ನಿಗೆ ಡೀಸೆಲ್ ಎಳೆಯುವ ಪುಟ್ಟ ಕೈಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಿದರು. ಆಮೇಲೆ ತಕ್ಷಣ ಸ್ಟಾರ್ಟ್. ಬಿರುಕುಬಿಟ್ಟ ರಬ್ಬರ್ ಪೈಪಿನಲ್ಲಿ ಗಾಳಿ ಹೊಕ್ಕು, ರಾತ್ರಿಯಿಡೀ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತಿತ್ತಂತೆ. ಗೇಣುದ್ದದ ಪೈಪ್ ಬದಲಿಸಿದರು.

“ಹಾಗಾದ್ರೆ ಕೊಂಡೋಗ್ಬಹುದಾ?” ವ್ಯಾಪಾರಿ ಕೈಚಾಚಿದರು.

ಮೆಕ್ಯಾನಿಕ್ ಇಂಜಿನ್ ಮುಟ್ಟಿ ನೋಡಿ, ಕೀಯನ್ನು ಮತ್ತೆ ಕಿಸೆಗೆ ಹಾಕಿಕೊಂಡರು. “ಈಗ ಬಿಸಿ ಉಂಟು. ನಾಳೆ ನೋಡುವ.”

ಮರುದಿನ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು, ನಾನು ಹೇಳಿದ ಬೆಲೆಗೇ ಹೋಯಿತು. ಹಳೆ ಗಾಡಿ ಕೊಳ್ಳುವವರು ಚೌಕಾಸಿಗೆ ಮೊದಲು ಅಂಗೈ ಇಟ್ಟು ನೋಡಿ. ಮಾರುವವನು ನನ್ನಂಥವನೇ ಇರಬಹುದು.