ಬಿಸಿ ಹತ್ತದ ಪಾದ

ಕಾಕಾನ ಎಡಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಮುನಿಸಿಕೊಂಡವರ ಹಾಗೆ ಬೇರೆಯೇ ನಿಂತಿರುತ್ತಿತ್ತು. ಹರೆಯವೆಲ್ಲ ಕೈಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿದ ಗುರುತು ಅದು. ಮಗ್ಗ ಬಿಟ್ಟ ಮೇಲೂ ಬೆರಳು ತನ್ನ ಜಾಗಕ್ಕೆ ಮರಳಲಿಲ್ಲ. ಇಳಕಲ್ಲಿನ ನಮ್ಮ ಓಣಿಯಲ್ಲಿ ಹಸಿ ನೆಲದ ಮೇಲೆ ಆ ಹೆಜ್ಜೆ ಮೂಡಿದ್ದರೆ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಅವನು ನನ್ನ ಅಪ್ಪನ ತಮ್ಮ. ಓಣಿ ತುಂಬ ಪವರ್‌ಲೂಮ್ ಬಂದಾಗ ಉಳಿದವರು ಹಣೆ ಬಡಿದುಕೊಂಡರೆ, ಇವನು ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದು, ಸೀರೆಯ ದಡಿ ಸೆರಗುಗಳ ಡಿಸೈನ್ ಬಿಡಿಸಿ ಲೂಮಿನವರಿಗೇ ಕೊಡತೊಡಗಿದ. ಆ ಕೆಲಸ ನನಗೂ ಕಲಿಸಿದ. ನಾನು ಗೆರೆ ತಪ್ಪಿಸಿದರೆ ಬೈಯುತ್ತಿರಲಿಲ್ಲ. "ಇದನ್ನ ಉಟ್ಟಾಕಿ ನಿನ್ನ ಹುಡುಕ್ಕೊಂಡು ಬರ್ತಾಳ ನೋಡು" ಎನ್ನುತ್ತಿದ್ದ. ಅದರ ಬದಲು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು, ಅಷ್ಟು ಸಿಟ್ಟು ಬರುತ್ತಿತ್ತು ನನಗೆ.

ಅವನು ಕೂರುವುದು ಮಾತ್ರ ನೆಲದ ಮೇಲೆಯೇ. ಎಡಪಾದವನ್ನು ಬಲತೊಡೆಗೆ ಏರಿಸಿ, ಅದರ ಮೇಲೆ ಲ್ಯಾಪ್‌ಟಾಪ್. ಟೇಬಲ್ ತರೋಣವೆಂದರೆ, "ಕೆಲಸ ಮೈಗೆ ಹತ್ತಿರ್ಬೇಕವಾ, ಇಲ್ಲಾಂದ್ರ ಕೈ ನಡಿಯಂಗಿಲ್ಲ" ಎನ್ನುವನು. ಮಗ್ಗ ಬಿಟ್ಟರೂ ಮಗ್ಗದವನೇ.

ಅವನಿಗೆ ಶುಗರ್ ಇತ್ತು. ಗುಳಿಗೆ ನುಂಗಿ, ಹಿಂದೆಯೇ ಒಂದು ತುಂಡು ಬೆಲ್ಲದ ಕರದಂಟು ಬಾಯಿಗೆ ಹಾಕಿಕೊಳ್ಳುವ ಪೈಕಿ. ಒಮ್ಮೆ ಕೂಡಲಸಂಗಮಕ್ಕೆ ಹೋದವನು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಅವನ ಹೆಂಡತಿ, ನಮ್ಮ ಚಿಗವ್ವ, ಬಾಗಿಲಲ್ಲೇ ತಡೆದು, "ಇನ್ನೊಂದು ಸಂಗಮನಾಥಗ ಕೊಟ್ಟು ಬಂದ್ರೇನು?" ಎಂದಳು. ಕಾಕಾ ಬಗ್ಗಿ ನೋಡಿಕೊಂಡ. ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಓಣಿಯ ತನಕ ಹಾಗೇ ನಡೆದು ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ, ಆದರೆ ಸ್ವಲ್ಪ ತಡವಾಗಿ ನಕ್ಕ.

ಆಮೇಲೆ ಡಿಸೈನಿನ ಸಾಫ್ಟ್‌ವೇರ್ ಬದಲಾಯಿತು. ಅದು ನಡೆಯಬೇಕಾದರೆ ಹೊಸ ಆಪರೇಟಿಂಗ್ ಸಿಸ್ಟಮ್ ಬೇಕೇ ಬೇಕಂತೆ. ಇಬ್ಬರೂ ಬಾಗಲಕೋಟೆಗೆ ಹೋದೆವು. ರಿಪೇರಿಯವನು ಲ್ಯಾಪ್‌ಟಾಪನ್ನು ಹೊರಳಿಸಿ ನೋಡಿ, "ಹಳೇ ಜೀವ ಐತ್ರಿ ಇದು. ಹೊಸಾದು ಹಾಕಿದ್ರ ಭಾಳ ಬಿಸಿ ಆಕ್ಕೈತಿ" ಎಂದ.

"ನಾನೂ ಹಳೇ ಜೀವಾನ ಅದೇನಿ. ಹಾಕ್ರಿ" ಎಂದ ಕಾಕಾ.

ಅಂದಿನಿಂದ ಅದರ ಫ್ಯಾನು ನಿಲ್ಲಲಿಲ್ಲ. ಲೂಮುಗಳ ಗದ್ದಲದಲ್ಲಿ ಆ ಸದ್ದು ಕೇಳುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಇಡೀ ಓಣಿ ಒಮ್ಮೆಲೇ ಸುಮ್ಮನಾಗಿ, ಬ್ಯಾಟರಿಯ ಮೇಲಿದ್ದ ಅದೊಂದೇ ಕಾಕಾನ ತೊಡೆಯ ಮೇಲೆ ಏದುಸಿರು ಬಿಡುತ್ತಿತ್ತು. ನನಗೆ ಆ ಸದ್ದು ಕೇಳಿದರೆ ಯಾಕೋ ಅಂಜಿಕೆಯಾಗುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿನ ಕೆಳಗೆ ಕೈ ಹಾಕಿದೆ. ಚುರ್ರೆಂದಿತು.

"ಕಾಕಾ, ರೊಟ್ಟಿ ಹಂಚ ಆಗೇತಲ್ಲ ಇದು. ಕೆಳಗ ಇಡು."

"ನನಗೇನೂ ಬಿಸಿ ಹತ್ತವಲ್ದು."

"ಬೂದಿ ಆಗೂತನಕ ನಿನಗ ಹತ್ತಂಗಿಲ್ಲ."

"ಈ ಸೆರಗೊಂದು ಮುಗೀಲಿ ತಡಿ."

ಒಂದು ಮಣೆ ತಂದುಕೊಟ್ಟೆ. ನನ್ನೆದುರಿಗೆ ಅದರ ಮೇಲಿಟ್ಟುಕೊಂಡು, ನಾನು ಹೊರಬಿದ್ದ ಕೂಡಲೇ ಮತ್ತೆ ತೊಡೆಗೆ ಏರಿಸಿದ. ಮಣೆ ಚಹಾದ ಕಪ್ಪು ಇಡಲಿಕ್ಕಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಲೂಮುಗಳು ನಿಂತವು. ಅಭ್ಯಾಸಬಲದಿಂದ ಫ್ಯಾನಿನ ಸದ್ದಿಗೆ ಕಿವಿಗೊಟ್ಟೆ. ಅದೂ ಇರಲಿಲ್ಲ. ಪಡಸಾಲೆಗೆ ಬಂದರೆ ಕಾಕಾ ಕಪ್ಪಾದ ಪರದೆಯನ್ನು ನೋಡುತ್ತ ಕೂತಿದ್ದ. ಸುಟ್ಟ ವಾಸನೆ ಬರುತ್ತಿತ್ತು. ಲ್ಯಾಪ್‌ಟಾಪ್ ಎತ್ತಿದೆ. ಎಡಪಾದದ ಮೇಲಿನ ಚರ್ಮ ಹಪ್ಪಳದಂತೆ ಉಬ್ಬಿ, ಒಂದು ಕಡೆ ಒಡೆದು ನೀರು ಇಳಿಯುತ್ತಿತ್ತು.

"ಡಿಸೈನ್ ಹೋತೇನ ನೋಡವಾ" ಎಂದ.

ನಾನು ಪಾದದ ಕಡೆ ಬೆರಳು ತೋರಿಸಿದೆ. ನೋಡಿದ. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದ.

ಗಾಯ ಮಾಯಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲು ಆ ಮುನಿಸಿನ ಹೆಬ್ಬೆರಳು ಹೋಯಿತು, ಆಮೇಲೆ ಪಾದವೇ ಹೋಯಿತು. ಅಷ್ಟಕ್ಕೂ ನಂಜು ನಿಲ್ಲದೆ ಮೈಗೆಲ್ಲ ಏರಿತು. ಕೊನೆಯ ಸಲ ನೋಡಲು ಹೋದಾಗ ಚಿಗವ್ವ ನೀರು ತರಲು ಹೊರಗೆ ಹೋಗುವುದನ್ನೇ ಕಾಯುತ್ತಿದ್ದವನಂತೆ ನನ್ನನ್ನು ಹತ್ತಿರ ಕರೆದ.

"ಚಪ್ಪಲಿ ಕಳದ ದಿನಾನ ನನಗ ಅಂಜಿಕಿ ಹತ್ತಿತ್ತವಾ. ನೀವೆಲ್ಲಾ ನಗಾಕತ್ತಿದ್ರಿ, ನಾನೂ ನಕ್ಕೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ನೀ ನಿನ್ನ ಕಾಲು ನೋಡ್ಕೋತಿರು. ಈ ಶುಗರ್ ನಮ್ಮ ಮನಿತನದಾಗ ಐತಿ."

ಮಳೆಗಾಲಕ್ಕೆ ಮೊದಲೇ ಹೋಗಿಬಿಟ್ಟ.

ನಾನು ಇವತ್ತು ಉಣ್ಣುವ ಅನ್ನ ಅವನು ಕಲಿಸಿದ ಗೆರೆಗಳದ್ದು. ಹೊಸ ಡಿಸೈನ್ ಮುಗಿದಾಗಲೆಲ್ಲ ಅವನು ಇರಬೇಕಿತ್ತು ಅನಿಸಿ ಕಣ್ಣು ತುಂಬುತ್ತವೆ. ನನ್ನ ಲ್ಯಾಪ್‌ಟಾಪ್ ಟೇಬಲ್ ಮೇಲಿದೆ, ತೊಡೆಯ ಮೇಲೆ ಎಂದೂ ಇಟ್ಟವಳಲ್ಲ. ಆದರೂ ಈ ವರ್ಷ ಡಾಕ್ಟರು ನನಗೂ ಶುಗರ್ ಎಂದಿದ್ದಾರೆ.

ನಮ್ಮ ಮನೆಯ ಮೆಟ್ಟಿಲು ಇಳಕಲ್ಲಿನ ಕೆಂಪು ಕಲ್ಲಿನದು, ಮಧ್ಯಾಹ್ನ ಕಾದಿರುತ್ತದೆ. ಕರೆಂಟು ಹೋಗಿ ಓಣಿ ಸುಮ್ಮನಾದಾಗ ಎದ್ದು ಹೋಗಿ ಅದರ ಮೇಲೆ ಎಡಗಾಲು ಇಡುತ್ತೇನೆ. ಡಾಕ್ಟರಿಗೆ ಗೊತ್ತಾದರೆ ಬೈಯುತ್ತಾರೆ. ಇಟ್ಟ ಕೂಡಲೇ ಸುಡುತ್ತದೆ, ಸಮಾಧಾನವಾಗಿ ಒಳಗೆ ಬರುತ್ತೇನೆ.

ಮೊನ್ನೆ ಸ್ವಲ್ಪ ತಡವಾಗಿ ಸುಟ್ಟಿತು.